ಕಣ್ಣು ಸರಿಯಿದ್ದೂ ಅರ್ಧ ಕಾಣದಿದ್ದರೆ: ಮನೆಯಲ್ಲಿ ನೋಡಿಕೊಳ್ಳುವ ಕ್ರಮ

ಎಚ್‌ಐವಿ ಇದ್ದು ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣ) ಎಣಿಕೆ 200ಕ್ಕಿಂತ ಇಳಿದವರು, ಕಿಡ್ನಿ ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು, ಅದನ್ನೇ ತಗ್ಗಿಸುವ ರಿಟುಕ್ಸಿಮ್ಯಾಬ್ ತರಹದ ಇಂಜೆಕ್ಷನ್ ಪಡೆದವರು "ಕಣ್ಣು ಮಂಜು" ಎಂದರೆ ಮನೆಯವರು ಮೊದಲು ಓಡುವುದು ಕನ್ನಡಕದ ಅಂಗಡಿಗೆ. ವಾರಗಳು ಅಲ್ಲೇ ಕಳೆದುಹೋಗುತ್ತವೆ. ಅನೇಕರ ಮೈಯಲ್ಲಿ ಸುಮ್ಮನೆ ಬಿದ್ದಿರುವ ಜೆಸಿ ವೈರಸ್, ರೋಗನಿರೋಧಕ ಶಕ್ತಿ ಕುಸಿದಾಗ ಮಿದುಳಿನ ಬಿಳಿಭಾಗವನ್ನು ತಿನ್ನುತ್ತದೆ. ಪಿಎಂಎಲ್ ಎನ್ನುವುದು ಇದನ್ನೇ. ಅದು ಮಿದುಳಿನ ಹಿಂಭಾಗಕ್ಕೆ ತಗುಲಿದರೆ ಎರಡೂ ಕಣ್ಣಿಗೆ ಒಂದೇ ಪಕ್ಕ ಕಾಣದು. ಕಣ್ಣಿನಲ್ಲಿ ಕೆಂಪಿಲ್ಲ, ನೋವಿಲ್ಲ.

ಪರೀಕ್ಷೆ ಹೀಗೆ. ಬೆಳಕಿರುವ ಜಗಲಿಯಲ್ಲಿ ಒಂದು ಮೀಟರ್ ದೂರದಲ್ಲಿ ಎದುರುಬದುರು ಕೂರಿ. ಅವರು ಎಡಗಣ್ಣು ಮುಚ್ಚಲಿ, ನೀವು ಬಲಗಣ್ಣು ಮುಚ್ಚಿ. ಅವರ ದೃಷ್ಟಿ ನಿಮ್ಮ ತೆರೆದ ಕಣ್ಣಿನ ಮೇಲೇ ಇರಬೇಕು. ಇಬ್ಬರ ನಡುವೆ ಮೇಲೆ ಎಡ, ಮೇಲೆ ಬಲ, ಕೆಳಗೆ ಎಡ, ಕೆಳಗೆ ಬಲ ಹೀಗೆ ನಾಲ್ಕು ಮೂಲೆಯಲ್ಲಿ ಒಂದೆರಡು ಬೆರಳು ಹಿಡಿದು ಎಷ್ಟೆಂದು ಕೇಳಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ಒಟ್ಟಿಗೆ ಪರೀಕ್ಷಿಸಿದರೆ ಒಂದೇ ಕಣ್ಣಿನ ತೊಂದರೆ ಮರೆಯಾಗುತ್ತದೆ. ದೃಷ್ಟಿ ಸರಿದರೆ ಉತ್ತರ ಸುಳ್ಳಾಗುತ್ತದೆ.

"ಎಡಗಣ್ಣು ಹೋಯ್ತು" ಎನ್ನುವವರಿಗೆ ನಿಜವಾಗಿ ಹೋಗಿರುವುದು ಹಲವು ಸಲ ಎಡಪಕ್ಕ. ಬಸ್ಸಿನ "ತೀರ್ಥಹಳ್ಳಿ" ಬೋರ್ಡನ್ನು ಬರೀ "ಹಳ್ಳಿ" ಎಂದು ಓದುತ್ತಾರೆ, ತಟ್ಟೆಯ ಎಡಗಡೆಯ ಪಲ್ಯ ಹಾಗೇ ಉಳಿಯುತ್ತದೆ. ಇವರಲ್ಲಿ ಕೆಟ್ಟಿರುವುದು ಬಲಗಡೆಯ ಮಿದುಳು. ಒಂದೇ ಕಣ್ಣಿನಲ್ಲಿ ಕಪ್ಪು ಚುಕ್ಕೆ ತೇಲಿದರೆ ಅಥವಾ ಪರದೆ ಇಳಿದಂತಾದರೆ ಅಕ್ಷಿಪಟಲಕ್ಕೆ (ರೆಟಿನಾ) ತಗುಲುವ ಸಿಎಂವಿ ವೈರಸ್ಸಿನ ಅನುಮಾನ, ಅದರಲ್ಲೂ ಸಿಡಿ4 50ಕ್ಕಿಂತ ಕೆಳಗಿದ್ದರೆ. ಅದಕ್ಕೆ ಔಷಧಿಯಿದೆ, ತಡಮಾಡಬಾರದು.

ಯಾವುದೇ ಆದರೂ ಅದೇ ದಿನ ಹೊರಡಿ. ಎಚ್‌ಐವಿ ಇದ್ದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಔಷಧಿ ಚಿಕಿತ್ಸೆ) ಕೇಂದ್ರಕ್ಕೆ, ಉಳಿದವರು ಔಷಧಿ ಬರೆದ ವೈದ್ಯರಲ್ಲಿಗೆ. ಮಾತ್ರೆಯ ಚೀಟಿ, ಸಿಡಿ4 ರಿಪೋರ್ಟು, ತೊಂದರೆ ಶುರುವಾದ ದಿನಾಂಕ ಜೊತೆಗಿರಲಿ. ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವುದು, ಎಂಆರ್‌ಐ, ಬೆನ್ನುಹುರಿಯ ನೀರಿನಲ್ಲಿ ಜೆಸಿ ವೈರಸ್ ಪಿಸಿಆರ್, ಇವು ಬೇಕಾಗುವ ಪರೀಕ್ಷೆಗಳು. ಪಿಸಿಆರ್ ಒಮ್ಮೆ ನೆಗೆಟಿವ್ ಬಂದ ಮಾತ್ರಕ್ಕೆ ಪಿಎಂಎಲ್ ಇಲ್ಲವೆಂದಲ್ಲ.

ಪಿಎಂಎಲ್‌ಗೆ ನೇರ ಔಷಧಿಯಿಲ್ಲ. ಕುಸಿದ ಶಕ್ತಿಯನ್ನು ಮೇಲೆತ್ತುವುದೇ ಚಿಕಿತ್ಸೆ. ಎಆರ್‌ಟಿ ಆರಂಭಿಸಿದ ಕೆಲವು ವಾರಗಳಲ್ಲಿ ಕೆಲವರಿಗೆ ದೃಷ್ಟಿ ಇನ್ನೂ ಕೆಡುತ್ತದೆ. ಚೇತರಿಸಿಕೊಂಡ ದೇಹ ವೈರಸ್ಸಿನ ಮೇಲೆ ಬಿದ್ದಾಗ ಮಿದುಳು ಊದಿಕೊಳ್ಳುವುದರಿಂದ ಹೀಗಾಗುತ್ತದೆ. "ಮಾತ್ರೆಯಿಂದಲೇ ಹೀಗಾಯ್ತು" ಎಂದು ನಿಲ್ಲಿಸಬೇಡಿ, ಕೇಂದ್ರಕ್ಕೆ ಹೋಗಿ. ಕಸಿಯ ಮಾತ್ರೆಯನ್ನೂ ನೀವಾಗಿ ಬಿಟ್ಟರೆ ಕಿಡ್ನಿಯೇ ಹೋಗಬಹುದು.

ಮನೆಯಲ್ಲಿ, ಕಾಣದ ಪಕ್ಕಕ್ಕೆ ಕತ್ತು ಪೂರ್ತಿ ತಿರುಗಿಸುವ ಅಭ್ಯಾಸ ಮಾಡಿಸಿ. ಓದುವಾಗ ಹಾಳೆಯ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟರೆ ಸಾಲು ಎಲ್ಲಿಂದ ಶುರು ಎಂದು ಸಿಗುತ್ತದೆ. ಬೈಕು, ಅಡಿಕೆ ಸುಲಿಯುವ ಕತ್ತಿ ಸದ್ಯಕ್ಕೆ ಬೇಡ. ಕಾಲುಸಂಕ ದಾಟುವಾಗ ಒಬ್ಬರು ಮುಂದೆ ನಡೆದು ಅವರ ಕೈ ಹಿಡಿದುಕೊಳ್ಳಲಿ, ಮಳೆಗಾಲದಲ್ಲಂತೂ ಆ ದಾರಿಯೇ ಬೇಡ.