ಚನ್ನಪಟ್ಟಣದ ಗೊಂಬೆಗೂ ಐಎಸ್‌ಐ ಮಾರ್ಕ್ ಬೇಕಾ?

ದೆಹಲಿಯ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯಕ್ಕೂ ನಮ್ಮ ಲೇತ್‌ಗೂ ಏನು ಸಂಬಂಧ ಅಂತ 2020ಕ್ಕೆ ಮುಂಚೆ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಚನ್ನಪಟ್ಟಣದಲ್ಲಿ ನಮ್ಮದು ಮರದ ಗೊಂಬೆ ಮಾಡುವ ಸಣ್ಣ ಯೂನಿಟ್. ನಮಗೆ ಗೊತ್ತಿದ್ದ ಸರ್ಕಾರ ಅಂದರೆ ಜಿಲ್ಲಾ ಕೈಗಾರಿಕಾ ಕೇಂದ್ರ, ಕಾವೇರಿ ಎಂಪೋರಿಯಂ ನಡೆಸುವ ಕರಕುಶಲ ನಿಗಮ, ಕರೆಂಟು ಹೋದಾಗ ಬೈಸಿಕೊಳ್ಳುವ ಬೆಸ್ಕಾಂ, ಅಷ್ಟೆ.

ಆ ವರ್ಷದ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು. ಹೊರಡಿಸಿದ್ದು ಸಚಿವಾಲಯದ ಎರಡು ಇಲಾಖೆಗಳಲ್ಲಿ ಒಂದಾದ ಡಿಪಿಐಐಟಿ, ಅಂದರೆ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ಯಾವುದೇ ವಸ್ತು ಐಎಸ್‌ಐ ಗುರುತಿಲ್ಲದೆ ಮಾರುಕಟ್ಟೆಗೆ ಬರುವ ಹಾಗಿಲ್ಲ. ಮೊದಲು ಸೆಪ್ಟೆಂಬರ್ 1 ಅಂದರು, ಆಮೇಲೆ 2021ರ ಜನವರಿ 1ಕ್ಕೆ ಮುಂದೂಡಿದರು. ಕಣ್ಣಿಟ್ಟಿದ್ದು ಹೊರಗಿನ ಮಾಲಿನ ಮೇಲೆ. ಆಮದು ಆಟಿಕೆಗಳನ್ನು ಪರೀಕ್ಷೆ ಮಾಡಿಸಿದಾಗ ಮೂರರಲ್ಲಿ ಎರಡರಷ್ಟು ಫೇಲಾಗಿದ್ದವು. ನಮಗದು ಹೊಸ ಸುದ್ದಿಯೇನಲ್ಲ. ಹೈವೇ ಅಂಗಡಿಗಳಲ್ಲಿ ಚೀನಾದ ಗೊಂಬೆಯನ್ನೇ ಚನ್ನಪಟ್ಟಣದ್ದು ಅಂತ ಮಾರುವುದನ್ನು ನೋಡಿಕೊಂಡೇ ಬೆಳೆದವರು ನಾವು. ಆದರೆ ಆದೇಶದ ಮಾತುಗಳಲ್ಲಿ ನಾವೂ ಸಿಕ್ಕಿಬಿದ್ದಿದ್ದೆವು. ಲೈಸೆನ್ಸಿಗೆ ಸ್ವಂತ ಲ್ಯಾಬ್ ಬೇಕು ಅಂತಿತ್ತು. ಸಣ್ಣ ಘಟಕಗಳಿಗೆ ಆಮೇಲೆ ಅದನ್ನು ಸಡಿಲಿಸಿದರು. ಸುದ್ದಿ ಬಂದ ವಾರ ಇಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ.

ಯಾವ ಬಾಗಿಲು ಯಾರದು ಅಂತ ತಿಳಿದುಕೊಳ್ಳುವುದೇ ಅರ್ಧ ಕೆಲಸ. ಆದೇಶ ಹೊರಡಿಸುವುದು ಡಿಪಿಐಐಟಿ, ಆದರೆ ಲೈಸೆನ್ಸ್ ಕೊಡುವ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಇರುವುದು ಗ್ರಾಹಕ ವ್ಯವಹಾರ ಸಚಿವಾಲಯದ ಕೆಳಗೆ. ಕುಶಲಕರ್ಮಿಗಳ ಗುರುತಿನ ಚೀಟಿ ಜವಳಿ ಸಚಿವಾಲಯದ್ದು, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಎಂಎಸ್‌ಎಂಇಯದು. ಆಮದು ಸುಂಕ 20ರಿಂದ 60ಕ್ಕೆ, 2023ರಲ್ಲಿ 70 ಪರ್ಸೆಂಟ್‌ಗೆ ಏರಿದ್ದು ಹಣಕಾಸು ಸಚಿವಾಲಯದ ಬಜೆಟ್‌ನಲ್ಲಿ. ಒಂದು ಮರದ ಗೊಂಬೆಗೆ ಐದು ಮನೆ ಯಜಮಾನರು. ಆದೇಶದ ವಿಷಯ ಕೇಳಲು ಬಿಐಎಸ್‌ಗೆ ಫೋನ್ ಮಾಡಿದರೆ, "ವಿನಾಯಿತಿ ಕೊಡೋದು ನಮ್ಮ ಕೈಲಿಲ್ಲ ಸಾರ್, ಗೆಜೆಟ್ ನೋಡಿ" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿಯಾಗೇ ಇತ್ತು.

ಗೆಜೆಟ್ ನೋಡಿದೆ. 2020ರ ಡಿಸೆಂಬರ್‌ನಲ್ಲಿ ಡಿಪಿಐಐಟಿ ಆದೇಶಕ್ಕೆ ತಿದ್ದುಪಡಿ ತಂದು ಎರಡು ದಾರಿ ಬಿಟ್ಟಿತ್ತು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿ ತಾನೇ ಮಾಡಿ ಮಾರಿದ್ದಕ್ಕೆ ಆದೇಶ ಅನ್ವಯಿಸುವುದಿಲ್ಲ, ಇದು ಒಂದು. ಭೌಗೋಳಿಕ ಸೂಚಕ, ಅಂದರೆ ಜಿಐ ಇರುವ ಆಟಿಕೆಯನ್ನು ಅದರ ನೋಂದಾಯಿತ ಮಾಲೀಕರು ಅಥವಾ ಅಧಿಕೃತ ಬಳಕೆದಾರರು ಮಾಡಿದರೆ ಅದಕ್ಕೂ ಅನ್ವಯಿಸುವುದಿಲ್ಲ, ಇದು ಇನ್ನೊಂದು. ಚನ್ನಪಟ್ಟಣದ ಗೊಂಬೆಗೆ 2005–06ರಲ್ಲೇ ಜಿಐ ಸಿಕ್ಕಿದೆ, ಊರಿಗೆಲ್ಲ ಗೊತ್ತು. ಆದರೆ ಊರಿಗೆ ಜಿಐ ಇದ್ದ ಮಾತ್ರಕ್ಕೆ ಊರಿನಲ್ಲಿರುವ ನಾನು ಅಧಿಕೃತ ಬಳಕೆದಾರ ಆಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಇದನ್ನು ಎಷ್ಟು ಜನಕ್ಕೆ ಹೇಳಿದರೂ, "ನಮ್ಮದು ಚನ್ನಪಟ್ಟಣದ್ದೇ ಅಲ್ವಾ" ಅಂತ ಸುಮ್ಮನಾಗುತ್ತಾರೆ.

ಅರ್ಜಿ ಹೋಗುವುದು ಚೆನ್ನೈನ ಜಿಐ ರಿಜಿಸ್ಟ್ರಿಗೆ. ಅದೂ ಡಿಪಿಐಐಟಿಯ ಕೆಳಗೇ ಬರುತ್ತದೆ. ಫಾರ್ಮ್ ಜಿಐ-3. ಫೀಸು ಮುಂಚೆ 500 ರೂಪಾಯಿ ಇದ್ದದ್ದನ್ನು 2020ರಲ್ಲಿ 10 ರೂಪಾಯಿಗೆ ಇಳಿಸಿದ್ದಾರೆ. ಅಫಿಡವಿಟ್ಟಿನ ಖರ್ಚೇ ಅದಕ್ಕಿಂತ ಜಾಸ್ತಿ! ಎಲ್ಲಿ ಮಾಡುತ್ತೇವೆ, ಹೇಗೆ ಮಾಡುತ್ತೇವೆ, ಯಾವ ಮರ, ಯಾವ ಅರಗು ಅಂತ ವಿವರ ಬರೆದುಕೊಟ್ಟೆ. ಹಾಲೆ ಮರದ ತುಂಡು ಲೇತ್ ಮೇಲೆ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿಯಿಂದ ಹೊಳಪು ಕೊಡುತ್ತೇವೆ. ದಿನಾ ಮಾಡುವ ಕೆಲಸವನ್ನು ಕಾಗದದ ಮೇಲೆ ಇಳಿಸಲು ಲೇತ್‌ಗಿಂತ ಹೆಚ್ಚು ಬೆವರು ಹರಿಯಿತು. ಸರ್ಟಿಫಿಕೇಟ್ ಬರುವಷ್ಟರಲ್ಲಿ ತಿಂಗಳುಗಳೇ ಉರುಳಿದವು. ಅಷ್ಟರವರೆಗೆ ಕುಶಲಕರ್ಮಿ ಕಾರ್ಡ್ ಇದ್ದವರು ತಾವು ಮಾಡಿದ್ದನ್ನು ತಾವೇ ಮಾರಿ ಸುಧಾರಿಸಿಕೊಂಡರು.

ಒಂದು ಮಾತು ನೆನಪಿರಲಿ. ಈ ಎರಡನೇ ದಾರಿಯ ವಿನಾಯಿತಿ ಇರುವುದು ಜಿಐ ಒಳಗೆ ಬರುವ ಮಾಲಿಗೆ ಮಾತ್ರ. ಲೇಸರ್‌ನಲ್ಲಿ ಕತ್ತರಿಸಿ ಪೇಂಟ್ ಹೊಡೆದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಜಲ್‌ಗಳನ್ನು ನಾವೂ ಒಂದಷ್ಟು ಕಾಲ ಮಾಡುತ್ತಿದ್ದೆವು. ಅವು ಇದರೊಳಗೆ ಬರಲಿಲ್ಲ, ಲೈಸೆನ್ಸ್ ತೆಗೆಯುವಷ್ಟು ವ್ಯಾಪಾರವೂ ಇರಲಿಲ್ಲ. ನಿಲ್ಲಿಸಿದೆವು.

ವಿನಾಯಿತಿ ಸಿಕ್ಕಿತು ಅಂತ ಪರೀಕ್ಷೆ ಬಿಡಲಿಲ್ಲ. ಆಟಿಕೆಗಳ ಸುರಕ್ಷತೆಯ ಮಾನಕ ಐಎಸ್ 9873ರ ಮೊದಲ ಭಾಗದಲ್ಲಿ ಸಣ್ಣ ಬಿಡಿಭಾಗಗಳಿಗೆ ಒಂದು ಸಿಲಿಂಡರ್ ಇದೆ. ಒಳವ್ಯಾಸ 31.7 ಮಿಲಿಮೀಟರ್, ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1. ಗೊಂಬೆಯಿಂದ ಕಿತ್ತುಬಂದ ಚೂರು ಅದರೊಳಗೆ ಪೂರ್ತಿ ಹಿಡಿಸಿದರೆ ಮೂರು ವರ್ಷದೊಳಗಿನ ಮಗುವಿಗೆ ಆ ಗೊಂಬೆ ಕೊಡುವ ಹಾಗಿಲ್ಲ. ನಮ್ಮಲ್ಲಿ ಲೇತ್ ಮೇಲೆ ಕೂರುವ ಹಿರಿಯರನ್ನು ಎಲ್ಲರೂ ಚಾಚಾ ಅನ್ನುತ್ತೇವೆ. ಅವರಿಗೆ ಅಳತೆ ಕೊಟ್ಟು ಮರದಲ್ಲೇ ಒಂದು ಕಡೆದುಕೊಡಿ ಅಂದೆ. "ಇಷ್ಟು ವರ್ಷದಲ್ಲಿ ಯಾವ ಮಗು ನಮ್ಮ ಚಕ್ರ ನುಂಗೈತೆ ಬೇಟಾ?" ಅಂದರು. ಆದರೂ ವರ್ನಿಯರ್ ಹಿಡಿದು ಕೂತು ಕಡೆದುಕೊಟ್ಟರು. ನಮ್ಮ ಪುಟ್ಟ ರೈಲಿನ ಚಕ್ರ ಅದರೊಳಗೆ ಟಪ್ ಅಂತ ಬಿತ್ತು. ಚಾಚಾ ಏನೂ ಹೇಳದೆ ಮರುದಿನದಿಂದ ಚಕ್ರ ದೊಡ್ಡದು ಮಾಡಿದರು. ಈಗ ಹೊಸ ಮಾದರಿ ಯಾವುದೇ ಬರಲಿ, ಮೊದಲು ಅದರಲ್ಲಿ ಹಾಕಿ ನೋಡುವವರು ಅವರೇ.

ಬಣ್ಣದ್ದು ಇನ್ನೊಂದು ಕಥೆ. ಪೇಟೆಯ ಅಗ್ಗದ ಹಳದಿಯಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅರಿಸಿನ ಹಾಕಿದರೆ ಬಿಸಿಲಿಗೆ ಮಂಕಾಗುತ್ತದೆ. ನಾವು ಕೊಟ್ಟ ಲ್ಯಾಬಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ದರ. ಅದಕ್ಕೇ ಎಲ್ಲ ಗೊಂಬೆಗೂ ಒಂದೇ ಆರು ಬಣ್ಣ ಅಂತ ಗೊತ್ತುಮಾಡಿಕೊಂಡೆವು. ಗಿರಾಕಿಗಳು ಗುಲಾಬಿ ಕೇಳುತ್ತಾರೆ, ಇಲ್ಲ ಅನ್ನುತ್ತೇವೆ.

ಸುಂಕ 70ಕ್ಕೆ ಏರಿದ 2023ರಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದು ಕಾರುಗಳೆಲ್ಲ ಊರಿನ ಹೊರಗಿಂದ ಹಾಯತೊಡಗಿದವು. ಹಳೇ ಹೈವೇ ಅಂಗಡಿಗಳ ವ್ಯಾಪಾರ ಬಿತ್ತು. ಒಂದು ಸಚಿವಾಲಯ ಕೊಟ್ಟಿದ್ದನ್ನು ಇನ್ನೊಂದರ ರಸ್ತೆ ಕಸಿಯಿತು ಅಂತ ನಾವು ತಮಾಷೆ ಮಾಡಿಕೊಳ್ಳುತ್ತೇವೆ. ನಾನು ಆನ್‌ಲೈನ್ ಕಡೆ ಹೆಚ್ಚು ವಾಲಿದ್ದು ಆಗಲೇ. ಅಲ್ಲಿ ಮತ್ತೆ ಅದೇ ರಾಗ. ಒಂದು ದೊಡ್ಡ ಮಾರಾಟ ತಾಣದವರ ಫಾರ್ಮಿನಲ್ಲಿ ಐಎಸ್‌ಐ ಲೈಸೆನ್ಸ್ ನಂಬರ್ ತುಂಬದೆ ಮುಂದೆ ಹೋಗಲು ಬರುವುದೇ ಇಲ್ಲ. ಕಾನೂನು ಬಿಟ್ಟರೂ ಕಂಪ್ಯೂಟರ್ ಬಿಡುವುದಿಲ್ಲ. ತಿದ್ದುಪಡಿಯ ಗೆಜೆಟ್ ಪ್ರತಿ, ಜಿಐ ಸರ್ಟಿಫಿಕೇಟ್, ಲ್ಯಾಬ್ ವರದಿ ಮೂರನ್ನೂ ಒಂದೇ ಪಿಡಿಎಫ್ ಮಾಡಿ, ವಿನಾಯಿತಿಯ ಸಾಲಿಗೆ ಗೆರೆ ಎಳೆದು ಕಳಿಸಿದೆ. ಮನುಷ್ಯರೊಬ್ಬರು ಓದುವ ತನಕ ಕಳಿಸುತ್ತಲೇ ಇದ್ದೆ.

ರಫ್ತಿನ ದಾರಿ ಇದಕ್ಕಿಂತ ಸಲೀಸು. ರಫ್ತಿನ ಮಾಲಿಗೆ ಆ ಆದೇಶವೇ ಅನ್ವಯಿಸುವುದಿಲ್ಲ. ಆದರೆ ಯುರೋಪಿನವರು ಆಟಿಕೆ ಸುರಕ್ಷತೆಗೆ ತಮ್ಮ ಇಎನ್ 71 ಪರೀಕ್ಷೆ ಕೇಳುತ್ತಾರೆ. ರಫ್ತಿಗೆ ಬೇಕಾದ ಐಇಸಿ, ಅಂದರೆ ಆಮದು–ರಫ್ತು ಕೋಡ್, ಕೊಡುವುದು ವಾಣಿಜ್ಯ ಇಲಾಖೆಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಡಿಜಿಎಫ್‌ಟಿ. ಬೆಂಗಳೂರಿನಲ್ಲಿ ಅವರ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ, ಆದರೆ ಐಇಸಿಗಾಗಿ ಅಲ್ಲಿಗೆ ಹೋಗುವ ಅಗತ್ಯ ಬೀಳಲಿಲ್ಲ. ಪಾನ್, ಕ್ಯಾನ್ಸಲ್ ಮಾಡಿದ ಚೆಕ್, 500 ರೂಪಾಯಿ, ಎಲ್ಲ ಆನ್‌ಲೈನ್. ಪಾನ್ ನಂಬರೇ ಐಇಸಿ ನಂಬರ್. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲ್‌ಗೆ ಹೋಗಿ ವಿವರ ಖಚಿತಪಡಿಸಬೇಕು. ಏನೂ ಬದಲಾಗಿಲ್ಲದಿದ್ದರೂ ಸರಿ, ಒಂದು ಸಲ ಒತ್ತಿ ಬನ್ನಿ. ಇಲ್ಲದಿದ್ದರೆ ಐಇಸಿ ನಿಷ್ಕ್ರಿಯವಾಗುತ್ತದೆ, ಪಾರ್ಸಲ್ ಕಸ್ಟಮ್ಸ್‌ನಲ್ಲಿ ನಿಂತಾಗಲೇ ಅದು ಗೊತ್ತಾಗುವುದು.