ಕಸ್ಟಮರ್ ಮಸ್ಕತ್‌ನಲ್ಲಿ, ವೆಸಲ್ ವಸಂತನರಸಾಪುರದಲ್ಲಿ: ಹೈಡ್ರೋ ಟೆಸ್ಟ್ ವಿಡಿಯೋದಲ್ಲಿ ತೋರ್ಸೋದು ಹೇಗೆ

ಪ್ರೆಶರ್ ವೆಸಲ್ (ಒತ್ತಡ ತಡೆಯೋ ಉಕ್ಕಿನ ಟ್ಯಾಂಕ್) ರೆಡಿ ಇದೆ, ನೀರು ತುಂಬಿ ಪಂಪಲ್ಲಿ ಒತ್ತಡ ಏರ್ಸಿ ಲೀಕ್ ಇದ್ಯಾ ನೋಡೋ ಹೈಡ್ರೋ ಟೆಸ್ಟ್ ಒಂದೇ ಬಾಕಿ, ಆರ್ಡರ್ ಕೊಟ್ಟೋರು ಮಸ್ಕತ್‌ನಲ್ಲೋ ವಡೋದರಾದಲ್ಲೋ ಇದಾರೆ. ಮುಂಚೆ ಆಗಿದ್ರೆ ಅವ್ರ ಇನ್ಸ್‌ಪೆಕ್ಟರ್ ಬೆಂಗಳೂರಿಗೆ ಫ್ಲೈಟಲ್ಲಿ ಬಂದಿಳಿದು, ಹೈವೇಲಿ ತುಮಕೂರು ದಾಟಿ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾಗೆ ಬಂದು, ಅರ್ಧ ಗಂಟೆ ಪ್ರೆಶರ್ ಗೇಜ್ ನೋಡಿ ಸಹಿ ಹಾಕಿ ವಾಪಸ್ ಹೋಗೋರು. 2020ರ ಲಾಕ್‌ಡೌನಲ್ಲಿ ಅದು ನಿಂತೋಯ್ತು, ಫೋನ್ ಹಿಡ್ಕೊಂಡು ತೋರ್ಸೋಕೆ ಶುರು ಮಾಡಿದ್ವಿ, ಈಗಲೂ ಸುಮಾರು ಜನ ಕಸ್ಟಮರ್ಸ್ ಅದನ್ನೇ ಕೇಳ್ತಾರೆ. ಆದ್ರೆ ನಾವು ತೋರ್ಸಿದ್ದನ್ನ ಅವ್ರು ನೋಡೋದು ಬೇರೆ, ಅವ್ರಿಗೆ ಬೇಕಾಗಿದ್ದನ್ನ ಅವ್ರು ನೋಡೋದು ಬೇರೆ. ಎರಡನೇದು ನಡೆದ್ರೆ ಮಾತ್ರ ಅದು ವಿಟ್ನೆಸ್, ಅಂದ್ರೆ ಟೆಸ್ಟ್‌ಗೆ ಅವ್ರು ಸಾಕ್ಷಿ ಆದಂಗೆ.

ಕೆಲ್ಸ ಶುರು ಆಗೋದು ಕ್ಯಾಮೆರಾದಿಂದಲ್ಲ, ಕ್ಯೂಎಪಿಯಿಂದ (ಕ್ವಾಲಿಟಿ ಅಶ್ಯೂರೆನ್ಸ್ ಪ್ಲಾನ್, ಯಾವ ತಪಾಸಣೆ ಯಾರು ನೋಡ್ಬೇಕು ಅನ್ನೋ ಪಟ್ಟಿ). ಅದ್ರಲ್ಲಿ ಹೈಡ್ರೋ ಟೆಸ್ಟ್ ಮುಂದೆ ವಿಟ್ನೆಸ್ ಪಾಯಿಂಟ್ ಅಂತ ಇದ್ಯೋ ಹೋಲ್ಡ್ ಪಾಯಿಂಟ್ ಅಂತ ಇದ್ಯೋ ನೋಡಿ. ವಿಟ್ನೆಸ್ ಆದ್ರೆ ನೋಟಿಸ್ ಕೊಟ್ಟ ಮೇಲೂ ಅವ್ರು ಬರ್ಲಿಲ್ಲ ಅಂದ್ರೆ ಸಾಮಾನ್ಯವಾಗಿ ಮುಂದುವರಿಬೋದು, ಹೋಲ್ಡ್ ಆದ್ರೆ ಅವ್ರು ಹೂಂ ಅನ್ನೋವರೆಗೂ ಪಂಪ್ ಮುಟ್ಟೋ ಹಾಗಿಲ್ಲ. ವಿಡಿಯೋ ಒಪ್ಕೋತೀವಿ ಅನ್ನೋದು, ನೆಟ್‌ವರ್ಕ್ ಕಟ್ಟಾದ್ರೆ ಏನು ಮಾಡೋದು ಅನ್ನೋದು, ರೆಕಾರ್ಡಿಂಗ್ ಯಾರ ಹತ್ರ ಇರತ್ತೆ ಅನ್ನೋದು, ಮೂರೂ ಬರವಣಿಗೇಲಿ ಇರ್ಲಿ. ಇನ್ನೊಂದು, ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ಅಡಿ ಬರೋ ಬಾಯ್ಲರ್‌ಗೆ, ಎಎಸ್‌ಎಂಇ ಥರದ ಕೋಡ್ ಸ್ಟ್ಯಾಂಪ್ ಬೇಕಾಗಿರೋ ವೆಸಲ್‌ಗೆ ಅವ್ರವ್ರ ಇನ್ಸ್‌ಪೆಕ್ಟರ್ ತಪಾಸಣೆ ಬೇರೆ ಇದ್ದೇ ಇರತ್ತೆ, ಕಸ್ಟಮರ್ ವಿಡಿಯೋ ನೋಡಿದ್ರೆ ಅದು ಮುಗಿಯಲ್ಲ.

ಡ್ರಾಯಿಂಗ್, ವೆಲ್ಡ್ ಮ್ಯಾಪ್ (ಯಾವ ವೆಲ್ಡ್ ಎಲ್ಲಿದೆ ಅನ್ನೋ ನಕ್ಷೆ), ವೆಲ್ಡ್‌ಗಳ ರೇಡಿಯೋಗ್ರಫಿ (ಎಕ್ಸ್‌ರೇ) ರಿಪೋರ್ಟ್, ಗೇಜ್ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಎಲ್ಲಾ ಮೂರು ದಿನ ಮುಂಚೆ ಕಳ್ಸಿಬಿಡಿ. ಸ್ಟೇನ್‌ಲೆಸ್ ಸ್ಟೀಲ್ ಆದ್ರೆ ನೀರಿನ ರಿಪೋರ್ಟೂ ಬೇಕು, ಸಾಮಾನ್ಯವಾಗಿ ಕ್ಲೋರೈಡ್ 50 ಪಿಪಿಎಂ ಒಳಗಿರ್ಬೇಕು ಅಂತಾರೆ, ಬೋರ್‌ವೆಲ್ ನೀರು ಟೆಸ್ಟ್ ಮಾಡಿಸ್ದೆ ತುಂಬಿಸ್ಬೇಡಿ.

ಗೇಜ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಪ್ರೆಶರ್ ವೆಸಲ್‌ಗಿರೋ ಅಮೆರಿಕನ್ ಕೋಡ್ ಎಎಸ್‌ಎಂಇ ಸೆಕ್ಷನ್ 8 ಡಿವಿಷನ್ 1 ಪ್ರಕಾರ ಟೆಸ್ಟ್ ಪ್ರೆಶರ್ ವೆಸಲ್‌ಗೆ ಅನುಮತಿ ಇರೋ ಗರಿಷ್ಠ ಪ್ರೆಶರ್‌ನ 1.3 ಪಟ್ಟು, ಅಂದ್ರೆ 10 ಕೆಜಿ (ಚದರ ಸೆಂ.ಮೀ.ಗೆ) ಪ್ರೆಶರ್‌ನ ವೆಸಲ್‌ಗೆ 13 ಕೆಜಿ, ಟೆಂಪರೇಚರ್ ಕರೆಕ್ಷನ್ ಬಂದ್ರೆ ಇನ್ನೂ ಸ್ವಲ್ಪ ಜಾಸ್ತಿ. ಗೇಜ್ ರೇಂಜ್ ಟೆಸ್ಟ್ ಪ್ರೆಶರ್‌ನ ಹತ್ತತ್ರ ಎರಡು ಪಟ್ಟು ಇರ್ಬೇಕು, ಒಂದೂವರೆಗಿಂತ ಕಮ್ಮಿ ಬೇಡ, ನಾಲ್ಕಕ್ಕಿಂತ ಜಾಸ್ತಿ ಬೇಡ. 13ಕ್ಕೆ 0–25ರ ಗೇಜ್ ಸರಿ ಹೋಗತ್ತೆ. 0–100ರದ್ದು ಹಾಕಿದ್ರೆ ಅರ್ಧ ಕೆಜಿ ಇಳಿದಿದ್ದು ಎದುರಿಗೆ ನಿಂತೋರಿಗೇ ಕಾಣಲ್ಲ, ಇನ್ನು ಸ್ಕ್ರೀನಲ್ಲಿ ನೋಡೋರಿಗೆ ಎಲ್ಲಿ ಕಾಣ್ಬೇಕು. ಡಯಲ್ ದೊಡ್ಡದಿರ್ಲಿ, ಗ್ಲಾಸ್ ಮೇಲೆ ಟ್ಯೂಬ್‌ಲೈಟ್ ಹೊಳಪು ಬೀಳ್ದಂಗೆ ತಿರುಗ್ಸಿ.

ಎರಡು ಕ್ಯಾಮೆರಾ ಬೇಕೇ ಬೇಕು. ಒಂದು ಟ್ರೈಪಾಡ್ ಮೇಲೆ, ಗೇಜ್ ಮತ್ತೆ ಗೋಡೆ ಗಡಿಯಾರ ಎರಡೂ ಒಂದೇ ಫ್ರೇಮಲ್ಲಿ, ಟೆಸ್ಟ್ ಮುಗಿಯೋವರೆಗೂ ಅದನ್ನ ಯಾರೂ ಮುಟ್ಟೋದಿಲ್ಲ. ಇನ್ನೊಂದು ಕೈಯಲ್ಲಿ ಓಡಾಡೋದು. ಇದನ್ನ ನಾನು ಕಲ್ತಿದ್ದು ಮೊದಲನೇ ಟೆಸ್ಟಲ್ಲೇ. ಒಂದೇ ಫೋನಲ್ಲಿ ತೋರಿಸ್ತಿದ್ದೆ, ಹೋಲ್ಡ್ ಟೈಮ್ (ಟೆಸ್ಟ್ ಪ್ರೆಶರಲ್ಲಿ ಪಂಪ್ ಮುಟ್ಟದೆ ಬಿಡೋ ಹೊತ್ತು) ಮಧ್ಯ ಯಾರದ್ದೋ ಕಾಲ್ ಬಂತು, ವಿಡಿಯೋ ಫ್ರೀಜ್ ಆಗಿ ಮುಕ್ಕಾಲು ನಿಮಿಷ ಹೋಯ್ತು. ವಾಪಸ್ ಬಂದಾಗ ಆ ಕಡೆಯಿಂದ ಮೆತ್ತಗೆ ಕೇಳಿದ್ರು, "ಈ ಗ್ಯಾಪಲ್ಲಿ ಪಂಪ್ ಹೊಡೆದಿಲ್ಲ ತಾನೆ?" ಹೊಡೆದಿರ್ಲಿಲ್ಲ. ಆದ್ರೆ ತೋರ್ಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ, ಹೋಲ್ಡ್ ಮೊದ್ಲಿಂದ ಶುರು ಮಾಡಿದ್ವಿ. ಅವ್ರು ಕೇಳಿದ್ದು ನ್ಯಾಯವಾಗೇ ಇತ್ತು. ಹಾಗಾಗಿ ಫೋನ್‌ನಲ್ಲಿ ಕಾಲ್ ಬರ್ದಂಗೆ ಸೆಟ್ ಮಾಡಿ, ಟ್ರೈಪಾಡ್ ಕ್ಯಾಮೆರಾ ಕೇಬಲ್ ನೆಟ್‌ನಲ್ಲಿ, ಕೈ ಫೋನು ಬೇರೆ ಕಂಪನಿ ಸಿಮ್‌ನಲ್ಲಿ, ರೂಟರ್‌ಗೆ ಯುಪಿಎಸ್, ಎರಡೂ ಕ್ಯಾಮೆರಾ ತಮ್ಮಲ್ಲೇ ರೆಕಾರ್ಡ್ ಮಾಡ್ಕೊಳ್ತಾ ಇರ್ಲಿ. ಹಿಂದಿನ ದಿನ ಅದೇ ಜಾಗದಲ್ಲಿ ಅದೇ ಟೈಮಿಗೆ ಟ್ರಯಲ್ ಮಾಡಿ, ಪಕ್ಕದಲ್ಲಿ ಬೇರೆ ಕಸ್ಟಮರ್ ಜಾಬ್ ಇದ್ರೆ ಟಾರ್ಪಾಲ್ ಹೊದಿಸಿ.

ಟೆಸ್ಟ್ ಬೆಳಗ್ಗೆ ಇಟ್ಕೊಳ್ಳಿ, ನೆರಳಲ್ಲಿ. ನಮ್ಮೂರ ಬಿಸ್ಲಲ್ಲಿ ವೆಸಲ್ ನಿಂತ್ರೆ ಒಳಗಿನ ನೀರು ಕಾದು ಹಿಗ್ಗಿ ಪ್ರೆಶರ್ ತಾನಾಗೇ ಏರತ್ತೆ, ಸಣ್ಣ ಲೀಕ್ ಇದ್ರೂ ಗೇಜಲ್ಲಿ ಗೊತ್ತಾಗಲ್ಲ. ಅದಕ್ಕೇ ಒಂದು ಥರ್ಮಾಮೀಟರ್ ಕೂಡ ಫ್ರೇಮಲ್ಲಿರ್ಲಿ. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಇಲ್ಲಿ ಹತ್ತೂವರೆ ಅಂದ್ರೆ ಅಲ್ಲಿ ಒಂಬತ್ತು, ಆ ಹೊತ್ತು ಇಬ್ರಿಗೂ ಆಗತ್ತೆ.

ಶುರುವಿಗೆ ವೆಸಲ್ ಮೇಲೆ ಪಂಚ್ ಹೊಡೆದಿರೋ ನಂಬರ್, ಗೇಜ್ ನಂಬರ್, ಪಕ್ಕದಲ್ಲೇ ಸರ್ಟಿಫಿಕೇಟ್ ಹಿಡಿದು ತೋರ್ಸಿ. ಕಟ್ ಮಾಡ್ದೆ ಹಾಗೇ ವೆಸಲ್ ಸುತ್ತ ಒಂದು ರೌಂಡ್ ಬನ್ನಿ. ಮೇಲಿನ ವೆಂಟಲ್ಲಿ ಗುಳ್ಳೆ ನಿಂತು ನೀರು ಒಂದೇ ಸಮ ಬರೋದು ಅವ್ರಿಗೆ ಕಾಣ್ಬೇಕು, ಗಾಳಿ ಒಳಗೆ ಉಳಿದ್ರೆ ಅದು ಸ್ಪ್ರಿಂಗ್ ಥರ ಶಕ್ತಿ ಹಿಡ್ಕೊಂಡಿರತ್ತೆ, ಏನಾದ್ರೂ ಬಿಟ್ರೆ ಅನಾಹುತ. ಪ್ರೆಶರ್ ಹಂತಹಂತವಾಗಿ ಏರ್ಸಿ, 13 ಮುಟ್ಟಿದ ಮೇಲೆ ಪಂಪ್ ಲೈನ್ ವಾಲ್ವ್ ಮುಚ್ಚಿ ಹೋಸ್ ಬಿಚ್ಚಿಡಿ, ಅದೂ ಕಾಣ್ಲಿ. ಏರೋವಾಗ, ಹೋಲ್ಡ್ ಟೈಮಲ್ಲಿ ಫೋನ್ ಹಿಡ್ಕೊಂಡು ಯಾರೂ ವೆಸಲ್ ಹತ್ರ ಹೋಗ್ಬೇಡಿ. ಆ ಹೊತ್ತಿಗೆ ಟ್ರೈಪಾಡ್ ಕ್ಯಾಮೆರಾ ಸಾಕು. ಎಷ್ಟೇ ಕೇಳ್ಕೊಂಡ್ರೂ ಹೋಗ್ಬೇಡಿ.

ಆಮೇಲೆ 10ಕ್ಕೆ ಇಳ್ಸಿ ಹತ್ರ ಹೋಗಿ. ಈಗ ಮಾತೆಲ್ಲಾ ಅವ್ರದ್ದು. "ಮೂರನೇ ನಾಝಲ್ (ಪೈಪ್ ಜೋಡಿಸೋ ಬಾಯಿ), ಕೆಳಗಡೆ, ಇನ್ನೂ ಹತ್ರ" ಅಂದ್ರೆ ಬಗ್ಗಿ ಟಾರ್ಚ್ ಹಾಕಿ ತೋರ್ಸಿ, ಆತುರ ಬೇಡ. ಫೋನ್ ಹಿಡಿಯೋರಿಗೆ ಹೆಡ್‌ಸೆಟ್ ಇರ್ಲಿ, ಗ್ರೈಂಡಿಂಗ್ ನಿಲ್ಸಿರಿ. ತಣ್ಣನೆ ನೀರು ತುಂಬಿದಾಗ ವೆಸಲ್ ಹೊರಗೆ ಬೆವ್ರತ್ತೆ, ಸ್ಕ್ರೀನಲ್ಲಿ ಅದು ಥೇಟ್ ಲೀಕ್ ಥರಾನೇ ಕಾಣತ್ತೆ. ಆಗ ಬಟ್ಟೇಲಿ ಒರೆಸಿ, ಸುತ್ತ ಚಾಕ್‌ಪೀಸಲ್ಲಿ ಒಂದು ಗುಂಡು ಬರೆದು ಕ್ಯಾಮೆರಾ ಅಲ್ಲೇ ನಿಲ್ಸಿ ಕಾಯಿರಿ. ಬೆವರಾದ್ರೆ ಎಲ್ಲಾ ಕಡೆ ಮಂಜಿನ ಥರ ಕೂರತ್ತೆ. ಲೀಕಾದ್ರೆ ವೆಲ್ಡ್ ಅಂಚಿನ ಒಂದೇ ಜಾಗದಲ್ಲಿ ಸಾಸಿವೆ ಕಾಳಷ್ಟು ಹನಿ ಮತ್ತೆ ಮತ್ತೆ ಹುಟ್ಟತ್ತೆ. ಹುಟ್ಟಿದ್ರೆ ನೀವೇ ಮೊದ್ಲು ಹೇಳಿ, ನೀರು ಬಸ್ದು ರಿಪೇರಿ ಮಾಡಿ, ಟೆಸ್ಟ್ ಪೂರ್ತಿ ಮತ್ತೆ ಮಾಡಿ, ಅದಕ್ಕೂ ಅವ್ರನ್ನ ಕರೀರಿ.

ಸರಿ ಅಂದ್ರೆ ರಿಪೋರ್ಟ್ ಅವತ್ತೇ ಕಳ್ಸಿ, ಶುರು ಮತ್ತೆ ಕೊನೆಯ ಗೇಜ್ ಫೋಟೋ ಟೈಮ್ ಸಮೇತ ಹಾಕಿ, ಸಹಿ ಆಗೋವರೆಗೂ ಚಾಕಿನ ಗುಂಡು ಒರೆಸ್ಬೇಡಿ. ನೀರು ಬಸಿಯೋವಾಗ ಮೊದ್ಲು ವೆಂಟ್ ತೆಗೀರಿ, ಆಮೇಲೆ ಡ್ರೈನ್, ಇಲ್ದಿದ್ರೆ ಒಳಗೆ ವ್ಯಾಕ್ಯೂಮ್ ಆಗಿ ತೆಳ್ಳಗಿನ ಶೆಲ್ ಒಳಕ್ಕೆ ಹೋಗತ್ತೆ.