ಪಿಕಪ್‌ನ ಮುಂಭಾಗದ ಆಕ್ಸಲ್ ಹೌಸಿಂಗ್ ತರೋಕೆ ಟೂಸಾನ್‌ಗೆ ಹೋಗಿದ್ದು: ನನ್ನ ಅನುಭವ

ನನ್ನ ಹತ್ರ ಇರೋದು 1990ರ ಟೊಯೋಟಾ ಪಿಕಪ್, 22ಆರ್‌ಇ ಇಂಜಿನ್, ಐದು ಗೇರು, ಫೋರ್ ವೀಲ್ ಡ್ರೈವ್. ಅಮೆರಿಕದ ಅರಿಝೋನಾದಲ್ಲಿರೋ ಫೀನಿಕ್ಸ್‌ಗೆ ಬಂದು ಮೂರು ವರ್ಷ ಆದ್ಮೇಲೆ ತಗೊಂಡಿದ್ದು. ಗಾಡಿ ಬಗ್ಗೆ ಏನೂ ಕಂಪ್ಲೇಂಟ್ ಇರ್ಲಿಲ್ಲ, ಮುಂದಿನ ಸಸ್ಪೆನ್ಷನ್ ಒಂದು ಬಿಟ್ಟು. 1985ರ ತನಕ ಈ ಪಿಕಪ್‌ಗೆ ಮುಂದಿನ ಚಕ್ರಕ್ಕೂ ಸಾಲಿಡ್ ಆಕ್ಸಲ್ಲೇ (ಎರಡೂ ಚಕ್ರ ಜೋಡಿಸೋ ಒಂದೇ ಗಟ್ಟಿ ಆಕ್ಸಲ್) ಬರ್ತಿತ್ತು, ನಮ್ಮೂರ ಎಸ್ಟೇಟ್ ಜೀಪಿಗೆ ಇರುತ್ತಲ್ಲ ಹಂಗೇ, ಒಂದೇ ಹೌಸಿಂಗ್ (ಶಾಫ್ಟು, ಗೇರು ಒಳಗಿರೋ ಕಬ್ಬಿಣದ ಕವಚ), ಜೊತೆಗೆ ಪ್ಲೇಟು, ಅಂದ್ರೆ ಲೀಫ್ ಸ್ಪ್ರಿಂಗ್. 86ರಿಂದ ಅದನ್ನ ತೆಗೆದು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡೋ ಸರಳು) ಇರೋ ಇಂಡಿಪೆಂಡೆಂಟ್ ಸಸ್ಪೆನ್ಷನ್ ಹಾಕಿದ್ರು, ಒಂದೊಂದು ಚಕ್ರ ಬೇರೆ ಬೇರೆಯಾಗಿ ಆಡುತ್ತೆ. ರೋಡಲ್ಲಿ ಅದು ಚೆನ್ನಾಗೇ ಇದೆ, ಮಣ್ಣು ರೋಡಲ್ಲಿ ಸ್ಪೀಡಾಗಿ ಹೋಗೋರಿಗೆ ಅದೇ ಒಳ್ಳೇದು, ಸುಮ್ನೆ ಸುಳ್ಳು ಹೇಳಲ್ಲ. ಆದ್ರೆ ನಾನು ಹೋಗೋದು ಕಲ್ಲು ಬಂಡೆ ಮೇಲೆ ನಿಧಾನಕ್ಕೆ, ಅಲ್ಲಿ ಒಂದು ಚಕ್ರ ಯಾವಾಗ್ಲೂ ಗಾಳೀಲೇ ಇರೋದು, ಸಿವಿ ಬೂಟು (ಚಕ್ರದ ಶಾಫ್ಟ್ ಜಾಯಿಂಟಿನ ರಬ್ಬರ್ ಕವರ್) ಆರು ತಿಂಗಳಿಗೊಂದ್ಸಲ ಹರಿಯೋದು. ಎರಡನೇ ಸಲ ಶಾಫ್ಟ್ ಮುರಿದ ದಿನ ಡಿಸೈಡ್ ಮಾಡ್ದೆ, ಹಳೇ ಸಾಲಿಡ್ ಆಕ್ಸಲ್ ತಂದು ಕೂರಿಸೋದು ಅಂತ.

ಸಕಲೇಶಪುರಕ್ಕೆ ಫೋನ್ ಮಾಡಿ ಅಪ್ಪಂಗೆ ಹೇಳಿದ್ರೆ, "ಅಲ್ಲ ಕಣೋ, ಅಮೆರಿಕಕ್ಕೆ ಹೋಗಿ ಗುಜರೀಲಿ ಹೌಸಿಂಗ್ ಹುಡುಕ್ತಿದೀಯಾ? ಅದನ್ನ ಇಲ್ಲೇ ಮಾಡ್ಬೋದಿತ್ತಲ್ಲ" ಅಂದ್ರು. ಆಮೇಲೆ ಅವರೇ ಹತ್ತು ನಿಮಿಷ ಮಹೀಂದ್ರಾ ಎಂಎಂ 540 ಜೀಪಿನ ಹಬ್ ಬೇರಿಂಗ್ ಕಥೆ ಹೇಳಿದ್ರು, ಅದು ಬೇರೆ ವಿಷಯ.

ಮೊದಲನೇ ತಪ್ಪು ಹೇಳ್ಬಿಡ್ತೀನಿ, ನಗಬೇಡಿ. ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರುಗಳು) ನಡುವೆ ಇರಲ್ಲ, ಒಂದು ಪಕ್ಕಕ್ಕೆ ಇರುತ್ತೆ, ಟ್ರಾನ್ಸ್‌ಫರ್ ಕೇಸಿಂದ (ಇಂಜಿನ್ ಶಕ್ತೀನ ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚೋ ಪೆಟ್ಟಿಗೆ) ಪ್ರೊಪೆಲ್ಲರ್ ಶಾಫ್ಟ್ ಯಾವ ಕಡೆ ಹೊರಗೆ ಬರುತ್ತೋ ಆ ಕಡೆಗೆ. ನನ್ನ ಗಾಡೀಲಿ ಅದು ಬಲಗಡೆ. ಇಲ್ಲಿ ಮಾರೋರು ಎಡ ಬಲ ಅಂತ ಹೇಳಲ್ಲ, ಡ್ರೈವರ್ ಡ್ರಾಪ್, ಪ್ಯಾಸೆಂಜರ್ ಡ್ರಾಪ್ ಅಂತಾರೆ, ಅಂದ್ರೆ ಡಿಫರೆನ್ಷಿಯಲ್ ಡ್ರೈವರ್ ಕಡೆಗೋ ಪಕ್ಕದ ಸೀಟಿನ ಕಡೆಗೋ ಅಂತ. ಒಂದು ಜೀಪ್ ವ್ಯಾಗನೀರ್‌ದು ಡಾನಾ 44 ಆಕ್ಸಲ್ ಕಮ್ಮಿ ರೇಟಿಗೆ ಬಂತು, ನನ್ನ ಗಾಡಿ ಥರಾನೇ ಚಕ್ರಕ್ಕೆ ಆರು ಬೋಲ್ಟ್, ಆ ಬೋಲ್ಟ್‌ಗಳ ಸರ್ಕಲ್ ಐದೂವರೆ ಇಂಚು, ವೀಲು ಸಹ ಕೂರುತ್ತೆ, ಟೊಯೋಟಾದಕ್ಕಿಂತ ಗಟ್ಟಿ ಬೇರೆ. ಡ್ರೈವರ್ ಡ್ರಾಪ್ ಅಂತ ಹಾಕಿದ್ರು. ನನ್ನ ತಲೇಲಿ ಡ್ರೈವರ್ ಅಂದ್ರೆ ಇವತ್ತಿಗೂ ಬಲಗಡೆನೇ ಕೂರೋದು! ಇಪ್ಪತ್ತೈದು ವರ್ಷ ಅಲ್ಲೇ ಕೂತು ಅಭ್ಯಾಸ ನೋಡಿ. ಅಡ್ವಾನ್ಸ್ ಕಳಿಸೋಕೆ ಫೋನ್ ಕೈಗೆತ್ಕೊಂಡಿದ್ದೆ, ಪಕ್ಕದಲ್ಲಿದ್ದ ಫ್ರೆಂಡು "ಗುರೂ, ನಿನ್ನ ಗಾಡೀಲಿ ಸ್ಟೇರಿಂಗ್ ಯಾವ ಕಡೆ ಇದೆ ಹೇಳು" ಅಂದ. ಅಷ್ಟೇ, ಇಲ್ಲಿ ಡ್ರೈವರ್ ಕೂರೋದು ಎಡಗಡೆ. 1980ರಿಂದ ಈಚೆಗಿನ ವ್ಯಾಗನೀರ್ ಆಕ್ಸಲ್‌ಗಳಲ್ಲಿ ಡಿಫರೆನ್ಷಿಯಲ್ ಎಡಗಡೆ. ಅದನ್ನ ತಂದಿದ್ರೆ ಟ್ರಾನ್ಸ್‌ಫರ್ ಕೇಸನ್ನೂ ಬದಲಾಯಿಸ್ಬೇಕಿತ್ತು. ಆವತ್ತಿಂದ ಯಾರ ಹತ್ರ ಮಾತಾಡಿದ್ರೂ ಫೋಟೋ ಕಳ್ಸಿ, ಗಾಡಿ ಹಿಂದೆ ನಿಂತು ನೋಡಿದ್ರೆ ಯಾವ ಕಡೆ ಬರುತ್ತೆ ಅಂತಾನೇ ಕೇಳ್ತೀನಿ.

ಕೊನೆಗೆ 1979ರಿಂದ 85ರ ಟೊಯೋಟಾ ಪಿಕಪ್ ಆಕ್ಸಲ್ಲೇ ಸಾಕು ಅಂತ ತೀರ್ಮಾನ ಆಯ್ತು, 33 ಇಂಚಿನ ಟೈರಿಗೆ ಅದು ತಡಿಯುತ್ತೆ. 37, 40 ಇಂಚು ಹಾಕೋರು ಇನ್ನೂ ದೊಡ್ಡ ಡಾನಾ 60 ಆಕ್ಸಲ್‌ಗೆ ಹೋಗ್ತಾರೆ, ಅದರ ತೂಕ ರೇಟು ಎರಡೂ ನನ್ನ ಪುಟ್ಟ ನಾಲ್ಕು ಸಿಲಿಂಡರ್‌ಗೆ ಅತಿ.

ಮೊದಲು ನೋಡಿದ ಟೊಯೋಟಾ ಆಕ್ಸಲ್ ಇಲ್ಲೇ ಊರ ಹೊರಗೆ ಒಬ್ಬರ ಹಿತ್ತಲಲ್ಲಿ ಬಿದ್ದಿತ್ತು. ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ರು, ನನಗೆ ಹೊಸ ಪೇಂಟ್ ಕಂಡ್ರೇನೇ ಅನುಮಾನ. ಮ್ಯಾಗ್ನೆಟ್ ಇರೋ ಆಂಗಲ್ ಗೇಜ್ ಒಂದು ತಗೊಂಡು ಹೋಗಿದ್ದೆ, ಸಣ್ಣದು, ಜೇಬಲ್ಲಿ ಹಿಡಿಸುತ್ತೆ. ಹೌಸಿಂಗ್ ಮೇಲೆ ಪ್ಲೇಟು ಕೂರೋ ಚಪ್ಪಟೆ ಜಾಗ ಇರುತ್ತಲ್ಲ, ಅದನ್ನ ಮೊದ್ಲು ಲೆವೆಲ್ ಮಾಡ್ಕೊಂಡು, ಎರಡೂ ಕಡೆ ನಕಲ್ (ಆಕ್ಸಲ್ ತುದೀಲಿ ಚಕ್ರ ಹೊತ್ತು ಸ್ಟೇರಿಂಗ್ ಜೊತೆ ತಿರುಗೋ ಭಾಗ) ನೇರ ನಿಲ್ಸಿ, ಡಿಸ್ಕ್ ಮೇಲೆ ಗೇಜ್ ಅಂಟಿಸಿ ನೋಡಿದ್ರೆ ಎಡಗಡೆ ಒಂದು ಡಿಗ್ರಿ, ಬಲಗಡೆ ಮೂರಕ್ಕಿಂತ ಜಾಸ್ತಿ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಬರ್ಬೇಕು, ಯಾಕಂದ್ರೆ ಸಾಲಿಡ್ ಆಕ್ಸಲ್‌ನಲ್ಲಿ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲೋ ಕೋನ) ಅಡ್ಜಸ್ಟ್ ಮಾಡೋಕೆ ಬೋಲ್ಟ್ ಗೀಲ್ಟ್ ಏನೂ ಇಲ್ಲ, ಹೌಸಿಂಗ್ ಹೆಂಗಿದ್ಯೋ ಚಕ್ರ ಹಂಗೆ ನಿಲ್ಲುತ್ತೆ. ಯಾರೋ ಆ ಗಾಡೀನ ಹಾರಿಸಿದಾರೆ, ಹೌಸಿಂಗ್ ಬೆಂಡ್. ಮಾರೋರು ನೂರು ಡಾಲರ್ ಇಳಿಸ್ತೀನಿ ಅಂದ್ರು, ನಮಸ್ಕಾರ ಹಾಕಿ ಬಂದೆ.

ನನ್ನ ಲೆಕ್ಕ ಇಷ್ಟೇ: ಬೇರಿಂಗು, ಸೀಲು, ಬ್ರೇಕು, ಗೇರು, ಎಲ್ಲ ದುಡ್ಡು ಕೊಟ್ರೆ ಹೊಸದು ಸಿಗುತ್ತೆ. ದುಡ್ಡು ಕೊಡೋದು ನೇರ ಇರೋ ಹೌಸಿಂಗ್‌ಗೆ, ಸ್ಟಡ್ ತೂತು ಹಾಳಾಗದೇ ಇರೋ ನಕಲ್‌ಗೆ. ಮಿಕ್ಕಿದ್ದೆಲ್ಲ ಕೆಟ್ಟಿದೆ ಅಂತ ಅಂದ್ಕೊಂಡೇ ಚೌಕಾಸಿ ಮಾಡಿ.

ಎರಡನೇದು ಟೂಸಾನ್‌ನಲ್ಲಿ ಸಿಕ್ತು, ನಮ್ಮಿಂದ ಹತ್ತಿರ ಹತ್ತಿರ ಎರಡು ಗಂಟೆ. ಅರಿಝೋನಾದಲ್ಲೇ ಓಡಿದ ಗಾಡೀದು ಅನ್ನೋದೇ ದೊಡ್ಡ ಸಮಾಧಾನ, ಹಿಮ ಬೀಳೋ ಕಡೆ ರೋಡಿಗೆ ಉಪ್ಪು ಸುರೀತಾರೆ, ಆ ಕಡೆಯಿಂದ ಬಂದ ಹೌಸಿಂಗ್ ತುಕ್ಕು ಹಿಡಿದು ಒಂದೊಂದು ನಟ್ ಬಿಚ್ಚೋಕೂ ಗ್ಯಾಸ್ ಕಟರ್ ಬೇಕು. 85ರ ಪಿಕಪ್, ಹಿಂದಿಂದ ಗುದ್ದಿಸ್ಕೊಂಡು ಪಾರ್ಟ್ ಪಾರ್ಟ್ ಮಾರ್ತಿದ್ರು, ಮುಂಭಾಗಕ್ಕೆ ಏನೂ ಆಗಿರ್ಲಿಲ್ಲ. ಗೇಜ್ ಹಾಕ್ದೆ, ಎರಡೂ ಕಡೆ ಒಂದೇ. ಆಮೇಲೆ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡ್ದೆ (24 ಎಂಎಂ ಸ್ಪ್ಯಾನರ್ ತಗೊಂಡು ಹೋಗಿ, ಎಲ್ಲರ ಹತ್ರ ಇರಲ್ಲ), ಆಯಿಲ್ ಕಪ್ಪಗಿತ್ತು ಆದ್ರೆ ಹಾಲು ಬೆರೆಸಿದ ಕಾಫಿ ಥರ ಇರ್ಲಿಲ್ಲ, ಹಂಗಿದ್ರೆ ನೀರು ನುಗ್ಗಿದೆ ಅಂತ.

ಗೇರ್ ರೇಶಿಯೋ (ಚಕ್ರ ಒಂದು ಸುತ್ತು ಬರೋಕೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗುತ್ತೆ ಅನ್ನೋದು) 4.88 ಅಂದಿದ್ರು. ನನ್ನ ಹಿಂದಿನ ಆಕ್ಸಲ್ 4.88, ಹಳೇ ಓನರ್ ದೊಡ್ಡ ಟೈರಿಗೆ ಅಂತ ಬದಲಾಯಿಸಿದ್ದು. ಮುಂದೆ ಹಿಂದೆ ಎರಡೂ ಒಂದೇ ಇರ್ಲೇಬೇಕು, ಇಲ್ಲಾಂದ್ರೆ ಫೋರ್ ವೀಲ್ ಹಾಕಿದ ತಕ್ಷಣ ಎರಡೂ ಒಂದನ್ನೊಂದು ಎಳೆದಾಡಿ ಏನಾದ್ರೂ ಮುರಿಯುತ್ತೆ. ಬಾಯಿಮಾತು ನಂಬ್ಲಿಲ್ಲ, ಅಲ್ಲೇ ಎಣಿಸ್ದೆ. ಎರಡೂ ಹಬ್ (ಚಕ್ರನ ಶಾಫ್ಟಿಗೆ ಸೇರಿಸೋ ಬಿಡಿಸೋ ಭಾಗ) ಲಾಕ್‌ಗೆ ತಿರುಗಿಸ್ಬೇಕು, ಇದನ್ನ ಮರೆತ್ರೆ ಚಕ್ರ ಸುಮ್ನೆ ತಿರುಗುತ್ತೆ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಸೇರೋ ಗೇರು) ಅಲ್ಲಾಡಲ್ಲ, ನಾನು ಮರೆತು ಐದು ನಿಮಿಷ ಒದ್ದಾಡ್ದೆ. ಪಿನಿಯನ್ ಫ್ಲ್ಯಾಂಜ್ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದು, ಒಂದು ಕಡೆ ಡಿಸ್ಕನ್ನ ಮಾರೋರ ಮಗ ಗಟ್ಟಿ ಹಿಡ್ಕೊಂಡ, ನಾನು ಇನ್ನೊಂದು ಕಡೆದನ್ನ ಸರಿಯಾಗಿ ಎರಡು ಸುತ್ತು ತಿರುಗಿಸ್ದೆ. ಒಂದು ಕಡೆ ಹಿಡಿದ್ರೆ ಇನ್ನೊಂದು ಕಡೆ ಡಬಲ್ ತಿರುಗುತ್ತಲ್ಲ, ಅದಕ್ಕೆ ಎರಡು ಸುತ್ತು. ಗೆರೆ ನಾಲ್ಕು ಸುತ್ತು ಹೊಡೆದು ಚೂರು ಮುಂದೆ ಹೋಗಿ ನಿಂತ್ಕೊಳ್ತು. 4.88 ಆಗಿದ್ರೆ ಐದರ ಹತ್ರ ಬರ್ಬೇಕಿತ್ತು. ಅಂದ್ರೆ 4.10. ಅವರು ಬೇಕು ಅಂತ ಸುಳ್ಳು ಹೇಳಿದ್ರು ಅಂತ ನನಗೆ ಅನ್ಸಲಿಲ್ಲ, ಯಾರೋ ಹೇಳಿದ್ದನ್ನ ಅವರೂ ಹೇಳಿದ್ರು ಅಷ್ಟೇ. ಆದ್ರೆ ರೇಟು ಇಳಿಸೋಕೆ ಅದು ಚೆನ್ನಾಗಿ ಕೆಲಸಕ್ಕೆ ಬಂತು. ಟೊಯೋಟಾದಲ್ಲಿ ಡಿಫರೆನ್ಷಿಯಲ್ ಇಡಿಯಾಗಿ ಪಿನಿಯನ್ ಇರೋ ಕಡೆಯಿಂದ ಬಿಚ್ಚಿ ಹೊರಗೆ ಬರುತ್ತೆ, 4.88ರದ್ದು ಬೇರೆ ತಂದು ಕೂರಿಸಿದ್ರಾಯ್ತು, ಶಿಮ್ (ಗೇರ್ ಸಂದು ಸರಿ ಮಾಡೋ ತೆಳು ವಾಷರ್) ಲೆಕ್ಕ ಹಾಕ್ಕೊಂಡು ಕೂರೋ ಹಂಗಿಲ್ಲ.

ನಕಲನ್ನ ಈ ಕಡೆಯಿಂದ ಆ ಕಡೆ ಪೂರ್ತಿ ತಿರುಗಿಸಿ ನೋಡ್ದೆ, ನಡುವೆ ನೇರ ಬರೋ ಜಾಗದಲ್ಲಿ ಟಕ್ ಅಂತ ಗೂಡಿಗೆ ಕೂತಂಗೆ ಆಯ್ತು. ನಕಲ್ ತಿರುಗೋಕೆ ಅಂತ ಮೇಲೆ ಕೆಳಗೆ ಇರೋ ಟ್ರನಿಯನ್ ಬೇರಿಂಗ್ ವರ್ಷಾನುಗಟ್ಟಲೆ ನೇರ ರೋಡಲ್ಲಿ ಓಡಿ ಓಡಿ ಅಲ್ಲೇ ಗುಳಿ ಬಿದ್ದಿರುತ್ತೆ, ಹಂಗೇ ಬಿಟ್ರೆ ಸ್ಟೇರಿಂಗ್ ನಡುಗುತ್ತೆ. ಬಲಗಡೆ ನಕಲ್ ಹಿಂದೆ ಗುಂಡು ಭಾಗದ ಮೇಲೆ ತೆಳ್ಳಗೆ ಕರೀ ಎಣ್ಣೆ ಇಳಿದಿತ್ತು, ಒಳಗಿನ ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಗ್ರೀಸಿಗೆ ಬೆರೆತು ಸಾರಾಗಿದೆ ಅಂತ ಅರ್ಥ. ಇದನ್ನೆಲ್ಲ ಒಂದೊಂದಾಗಿ ತೋರಿಸ್ದೆ. 700 ಹೇಳಿದ್ದು 550ಕ್ಕೆ ಮುಗೀತು. ದುಡ್ಡು ಕೊಡೋಕೆ ಮುಂಚೆ ಡಿಸ್ಕಿಂದ ಡಿಸ್ಕಿಗೆ ಎಲ್ಲ ಸೇರಿ ಅಂತ ಹೇಳಿಸ್ಕೊಂಡೆ: ಕ್ಯಾಲಿಪರ್, ಹಬ್, ಟೈ ರಾಡ್ (ಎರಡೂ ನಕಲ್ ಜೋಡಿಸೋ ಸರಳು), ಯು ಬೋಲ್ಟ್, ಅದನ್ನ ಬಿಗಿಯೋ ಪಟ್ಟಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್. ಈ ಚಿಲ್ಲರೆ ಸಾಮಾನು ಆಮೇಲೆ ಬಿಡಿಬಿಡಿಯಾಗಿ ಹುಡುಕಿದ್ರೆ ಇನ್ನೊಂದು ಆಕ್ಸಲ್ ದುಡ್ಡಾಗುತ್ತೆ. ಗಾಡಿಗೆ ಏರಿಸೋಕೆ ಇಂಜಿನ್ ಎತ್ತೋ ಕ್ರೇನೇ ಬೇಕಾಯ್ತು, ಇಬ್ಬರ ಕೈಲಾಗೋ ಮಾತಲ್ಲ.

ಮನೇಲಿ ಬಿಚ್ಚಿದಾಗ ಒಂದು ಏಟು ಕಾದಿತ್ತು. ಹಬ್ ಬಿಚ್ಚೋಕೆ 54 ಎಂಎಂ ಸಾಕೆಟ್ ಬೇಕು, ಕೋನ್ ವಾಷರ್‌ಗಳು ಅಂಟ್ಕೊಂಡಿರುತ್ವೆ, ಹಿತ್ತಾಳೆ ರಾಡಿಟ್ಟು ಸ್ಟಡ್ ತುದಿಗೆ ಹೊಡೆದ್ರೆ ಟಪ್ ಅಂತ ಎದ್ದು ಬರ್ತವೆ. ಎಡಗಡೆ ಎಲ್ಲ ಸರಿ ಇತ್ತು. ಬಲಗಡೆ ಶಾಫ್ಟ್ ಎಳೆದು ಸೀಮೆಎಣ್ಣೇಲಿ ತೊಳೆದು ಬಿಸಿಲಲ್ಲಿ ನೋಡಿದ್ರೆ, ಚಕ್ರದ ಕಡೆ ಜಾಯಿಂಟ್, ಇಲ್ಲಿಯವರು ಬರ್ಫೀಲ್ಡ್ ಅಂತಾರೆ, ಅದರ ಬಟ್ಟಲಿನ ಬಾಯಲ್ಲಿ ಕೂದಲೆಳೆ ಥರ ಒಂದು ಕ್ರ್ಯಾಕ್. ಉಗುರಿಗೆ ಸಿಗೋದು, ಕಣ್ಣಿಗೆ ಸರಿಯಾಗಿ ಕಾಣ್ತಿರ್ಲಿಲ್ಲ. ಟೂಸಾನ್‌ನಲ್ಲಿ ನಿಂತು ಎಷ್ಟು ನೋಡಿದ್ರೂ ಇದು ಗೊತ್ತಾಗ್ತಿರ್ಲಿಲ್ಲ, ಅದಕ್ಕೇ ಹೇಳಿದ್ದು ಮಿಕ್ಕಿದ್ದೆಲ್ಲ ಕೆಟ್ಟಿದೆ ಅಂತ ಅಂದ್ಕೊಂಡೇ ರೇಟ್ ಮಾತಾಡಿ ಅಂತ. ಎರಡೂ ಕಡೆಗೂ ಹೊಸದೇ ಹಾಕ್ದೆ.

ಟ್ರನಿಯನ್ ಬೇರಿಂಗ್ ಹೊಸದು ಹಾಕಿ ನಟ್ ಟೈಟ್ ಮಾಡಿದ್ಮೇಲೆ ಬಿಗಿ ಸರಿ ಇದ್ಯಾ ಅಂತ ನೋಡೋಕೆ ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೀಬೇಕು, ನಕಲ್ ಅಲ್ಲಾಡೋಕೆ ಶುರು ಆಗೋವಾಗ 3ರಿಂದ 6 ಕೆ.ಜಿ. ತೋರಿಸ್ಬೇಕು. ಮೀನು ತೂಕ ಹಾಕೋ ತಕ್ಕಡಿ ತಂದು ಮಾಡ್ದೆ, ಸೀಲ್ ಹಾಕೋಕೆ ಮುಂಚೆನೇ ಇದನ್ನ ಮಾಡಿ, ಸೀಲ್ ಹಿಡಿತ ಸೇರಿದ್ರೆ ಲೆಕ್ಕ ತಪ್ಪುತ್ತೆ.

ಫ್ರೇಮಿಗೆ ಪ್ಲೇಟ್ ಹ್ಯಾಂಗರ್ ವೆಲ್ಡಿಂಗ್ ನಾನು ಮಾಡ್ಲಿಲ್ಲ, ಅದು ಬರೋರ ಕೈಲೇ ಮಾಡಿಸ್ದೆ, ಸ್ಟೇರಿಂಗ್ ಕೆಲಸ ಇರೋ ಕಡೆ ಕಲಿಯೋಕೆ ಹೋಗ್ಬಾರ್ದು. ಸ್ಟೇರಿಂಗ್ ಬಾಕ್ಸ್ ಮಾತ್ರ ನನ್ನ ಗಾಡೀದೇ ಉಳಿಸ್ಕೊಂಡೆ, 86ರಿಂದ ಈಚಿನ ಬಾಕ್ಸ್‌ನಲ್ಲಿ ಆರ್ಮ್ ಅಡ್ಡಕ್ಕೆ ಆಡುತ್ತೆ, 85ರ ತನಕದ್ದರಲ್ಲಿ ಹಿಂದಕ್ಕೂ ಮುಂದಕ್ಕೂ. ಅಡ್ಡಕ್ಕೆ ಆಡೋದೇ ನಮಗೆ ಬೇಕಾದ್ದು, ನಕಲ್ ಮೇಲೆ ಬೇರೆ ಆರ್ಮ್ ಹಾಕಿ ಜೋಡಿಸಿದ್ರೆ ಪ್ಲೇಟು ಇಳಿದಾಗ ಏರಿದಾಗ ಸ್ಟೇರಿಂಗ್ ತಾನಾಗೇ ತಿರುಗೋದು ಬಹಳ ಕಮ್ಮಿ. ಹಿಂದಿನ ಆಕ್ಸಲ್ ಇದಕ್ಕಿಂತ ಸುಮಾರು ಮೂರು ಇಂಚು ಅಗಲ, ಅದಕ್ಕೆ ಮುಂದೆ ಎರಡೂ ಕಡೆ ಒಂದೂವರೆ ಇಂಚಿನ ಸ್ಪೇಸರ್ (ಚಕ್ರನ ಹೊರಗೆ ತಳ್ಳೋ ದಪ್ಪ ಬಿಲ್ಲೆ) ಹೋಯ್ತು.

ಗಾಡಿ ರೋಡಿಗೆ ಬಂದು 150 ಮೈಲಿ ಆದ್ಮೇಲೆ ನಕಲ್ ಮೇಲಿನ ನಟ್ ಎಲ್ಲ ಮತ್ತೆ ಚೆಕ್ ಮಾಡ್ದೆ, ಈ ಆಕ್ಸಲ್‌ಗೆ ಅವು ಲೂಸ್ ಆಗೋ ಚಾಳಿ ಇದೆ. ಎಡಗಡೆ ನಾಲ್ಕೂ ಅಲ್ಲಾಡ್ಲಿಲ್ಲ, ಬಲಗಡೆ ಎರಡು ಕಾಲು ಸುತ್ತು ತಿರುಗಿದ್ವು. ಟಾರ್ಕ್ ರೆಂಚ್ ಈಗ ಸೀಟ್ ಹಿಂದೇನೇ ಇರುತ್ತೆ.